ದೊಡ್ಡಕ್ಕನ ಬೆರಳಿನ ಅಳತೆ

ಒಂದು ಜೊತೆ ಗಟ್ಟಿ ಚಪ್ಪಲಿಗೆ ಹದಿನೆಂಟು ಬ್ರೆಡ್ಡು. ಹಲ್ಲು ಕೀಳಿಸಲು ಇಪ್ಪತ್ತು. ಅದೇ ಹಲ್ಲನ್ನು ಉಳಿಸಿಕೊಳ್ಳಬೇಕಾದರೆ ನೂರರ ಮೇಲೆ. ಸೋರುವ ಮಾಡು ಸರಿಮಾಡಲು ಬಂದವನು ಮುನ್ನೂರು ಬ್ರೆಡ್ಡಿನ ದುಡ್ಡು ಎಣಿಸಿಕೊಂಡು ಹೋದ, ಸೋರಿಕೆಯನ್ನು ಮಾತ್ರ ಇದ್ದಲ್ಲೇ ಬಿಟ್ಟುಹೋದ. ಬೇಕರಿಯ ಅಕ್ಕತಂಗಿಯರ ಮನೆಯಲ್ಲಿ ಎಲ್ಲದಕ್ಕೂ ಬೆಲೆ ಕಟ್ಟುತ್ತಿದ್ದುದು ಹೀಗೆಯೇ. ದುಡ್ಡಿನ ಬೆಲೆ ವರ್ಷಕ್ಕೊಂದು ಥರ ಇರುತ್ತದೆ, ಒಂದು ಬ್ರೆಡ್ಡು ಮಾಡುವ ಕಷ್ಟ ಮಾತ್ರ ಅಷ್ಟೇ ಇರುತ್ತದೆ ಎಂದು ಅಕ್ಕನ ವಾದ.

ಈಗ ತಂಗಿಯ ಎದುರು, ಕಪ್ಪು ಮಖಮಲ್ಲಿನ ತಟ್ಟೆಯ ಮೇಲೆ, ಹದಿನೈದು ಸಾವಿರ ಬ್ರೆಡ್ಡಿನ ಒಂದು ವಜ್ರದುಂಗುರ ಕೂತಿತ್ತು.

ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಭಾಗಿಸಿ ನೋಡಿದಳು. ಲೆಕ್ಕ ತಪ್ಪಿರಲಿಲ್ಲ. ಅಷ್ಟು ಬ್ರೆಡ್ಡನ್ನು ಉದ್ದಕ್ಕೆ ಜೋಡಿಸುತ್ತಾ ಹೋದರೆ ಊರು ಮುಗಿದು ಹೊಲ ಶುರುವಾಗುತ್ತದೆ.

"ಹೇಗಿದೆ ಸಣ್ಣಕ್ಕ?" ಎಂದು ಪಕ್ಕದ ಕುರ್ಚಿಯಲ್ಲಿದ್ದ ಡ್ರೈವರ್ ಕೇಳಿದ. ಕೇಳುವಾಗ ಅವನ ಕಣ್ಣು ಉಂಗುರದ ಮೇಲಿಂದ ಕದಲಲಿಲ್ಲ.

ಬೀದಿಯವರೆಲ್ಲ ಆ ಇಬ್ಬರನ್ನೂ ದೊಡ್ಡಕ್ಕ, ಸಣ್ಣಕ್ಕ ಎಂದೇ ಕರೆಯುತ್ತಿದ್ದರು. ಒಳಗೆ ಹಿಟ್ಟು ಕಲಸಿ ಒಲೆ ನೋಡಿಕೊಳ್ಳುವವಳು ದೊಡ್ಡಕ್ಕ. ಮುಂದೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುವವಳು ಸಣ್ಣಕ್ಕ. ದೊಡ್ಡಕ್ಕನಿಗೆ ಐವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಸಣ್ಣಕ್ಕನಿಗೆ ಮದುವೆ ಆಗಿತ್ತು, ಆದರೆ ವರ್ಷ ತುಂಬುವ ಮೊದಲೇ ಒಂದು ಸೂಟ್‌ಕೇಸ್ ಹಿಡಿದು ವಾಪಸು ಬಂದಿದ್ದಳು. ಆವತ್ತು ಬಾಗಿಲು ತೆಗೆದ ದೊಡ್ಡಕ್ಕ ಏನು, ಎತ್ತ ಎಂದು ಕೇಳಲಿಲ್ಲ. "ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ" ಎಂದಳು, ಅಷ್ಟೆ. ಆಮೇಲೂ ಕೇಳಲಿಲ್ಲ. ಅಂದಿನಿಂದ ಬೇಕರಿಯ ಮೇಲಿನ ಕೋಣೆಯಲ್ಲಿ ಎರಡು ಮಂಚ ಅಕ್ಕಪಕ್ಕ ಇದ್ದವು.

ಈ ಡ್ರೈವರ್ ಏಳನೇ ನಂಬರಿನ ಬಸ್ಸಿನವನು. ಬಸ್ಸು ಬೇಕರಿಯ ಎದುರು ಬಂದು ನಿಂತರೆ ಅಲ್ಲಿಗೆ ದಾರಿ ಮುಗಿಯಿತು. ಇಂಜಿನ್ ಆರಿಸಿ, ಇಳಿದು ಬಂದು ಒಂದು ಬನ್ನು ತೆಗೆದುಕೊಳ್ಳುತ್ತಿದ್ದ. ಆ ಒಂದು ಬನ್ನು ತಿಂದು ಮುಗಿಸಲು ಅವನಿಗೆ ಬೇಕಾಗುತ್ತಿದ್ದ ಹೊತ್ತಿನಲ್ಲಿ ಬೇರೆಯವರು ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಗಲ್ಲಾದ ಪಕ್ಕ ನಿಂತು ತಿನ್ನುತ್ತಿದ್ದ, ಕಣ್ಣು ಮಾತ್ರ ಒಳಬಾಗಿಲ ಕಡೆ. ದೊಡ್ಡಕ್ಕ ತಟ್ಟೆ ಹಿಡಿದು ಹೊರಗೆ ಬಂದರೆ ಬನ್ನು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಸಣ್ಣಕ್ಕ ನೀರು ಕೊಡುತ್ತಿದ್ದಳು. ಹೀಗೆ ವರ್ಷಗಳೇ ಕಳೆದಿದ್ದವು. ಅಷ್ಟು ದಿನವೂ ಮನೆಯಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಹೋದ ವರ್ಷ ತೀರಿಕೊಂಡರು.

ಹೋದ ತಿಂಗಳು ಒಂದು ಮಧ್ಯಾಹ್ನ ಅವನು ಗಲ್ಲಾದ ಮೇಲೆ ಬಾಗಿ ಮೆಲ್ಲಗೆ, "ನಿಮ್ಮಕ್ಕನ್ನ ಕೇಳೋಣ ಅಂತಿದೀನಿ" ಎಂದಿದ್ದ.

"ಏನನ್ನ?"

"ಅದೇ."

"ಅದೇ ಅಂದ್ರೆ? ಬನ್ನಿಗೆ ಬೆಣ್ಣೆ ಜಾಸ್ತಿ ಹಾಕಿ ಅಂತಾನಾ?"

ಅವನ ಕಿವಿ ಕೆಂಪಾಯಿತು. ಆಗಲೇ ಸಣ್ಣಕ್ಕನಿಗೆ ಗೊತ್ತಾಯಿತು, ಈ ಗಂಡಸು ಕೇಳಿಯೇ ಕೇಳುತ್ತಾನೆ ಎಂದು. ನಕ್ಕಳು, ಧೈರ್ಯ ಹೇಳಿದಳು, ಉಂಗುರ ಆರಿಸಲು ಜೊತೆಗೆ ಬರುತ್ತೇನೆಂದು ಮಾತೂ ಕೊಟ್ಟಳು. ರಾತ್ರಿ ಮಂಚದಲ್ಲಿ ಮಲಗಿ ಅಕ್ಕನ ಗೊರಕೆ ಕೇಳಿಸಿಕೊಳ್ಳುವಾಗ ಮಾತ್ರ ಇನ್ನೊಂದು ಲೆಕ್ಕ ಶುರುವಾಯಿತು. ಡ್ರೈವರನ ಮನೆ ಊರಿನ ಇನ್ನೊಂದು ತುದಿಯಲ್ಲಿ, ಬಸ್ ಡಿಪೋದ ಹಿಂದೆ. ಅಕ್ಕ ಹೂಂ ಎಂದರೆ ಅಲ್ಲಿಗೆ ಹೋಗುತ್ತಾಳೆ. ಸಣ್ಣಕ್ಕ ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಮನೆಯಲ್ಲಿ ಒಬ್ಬಳೇ ಮಲಗಿದವಳಲ್ಲ.

ಹೀಗೆ ಈ ಅಂಗಡಿಗೆ ಬಂದಿದ್ದರು. ಬೇಕರಿಯಿಂದ ಎರಡು ಬೀದಿ ಆಚೆ ಇದ್ದರೂ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಬಾಗಿಲು ತೆಗೆಯಲು ಒಬ್ಬ, ತೆಗೆದ ಬಾಗಿಲು ಮುಚ್ಚಲು ಇನ್ನೊಬ್ಬ. ಒಳಗೆ ತಣ್ಣಗೆ ಹೂವಿನಂಥ ವಾಸನೆ; ನೆಲದ ಮೇಲಿನ ಜಮಖಾನ ಎಷ್ಟು ದಪ್ಪವೆಂದರೆ ಚಪ್ಪಲಿಯ ಸದ್ದೇ ಇಲ್ಲ. ಗಾಜಿನ ಕೆಳಗೆ ಉಂಗುರಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಎಲ್ಲ ಚೀಟಿಯೂ ಬೋರಲು. ಬೆಲೆಯನ್ನು ಬೋರಲು ಹಾಕಿಟ್ಟಿರುವ ಅಂಗಡಿಯಲ್ಲಿ ಕೈ ಜೇಬಿನಲ್ಲೇ ಇರಲಿ ಎಂದು ಸಣ್ಣಕ್ಕ ಡ್ರೈವರನಿಗೆ ಪಿಸುಗುಟ್ಟಿದಳು. ಅವನು ನಿಜವಾಗಿಯೂ ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡ. ಹೊಸ ಅಂಗಿ ತೊಟ್ಟಿದ್ದ, ಅದರ ಮಡಿಕೆಯ ಗೆರೆಗಳು ಇನ್ನೂ ಎದೆಯ ಮೇಲೆ ಚೌಕ ಚೌಕವಾಗಿದ್ದವು.

ಬಿಳಿ ಕೈಗವಸು ಹಾಕಿದ್ದ ಹುಡುಗಿ ಇಬ್ಬರಿಗೂ ಕುರ್ಚಿ ಕೊಟ್ಟಳು, ಉದ್ದನೆಯ ಲೋಟದಲ್ಲಿ ನೀರು ಕೊಟ್ಟಳು, "ಹೇಳಿ ಸರ್" ಎಂದಳು.

"ಸರ್ ಅನ್ಬೇಡಮ್ಮ. ಹಿಂದೆ ಯಾರೋ ಇನ್ಸ್‌ಪೆಕ್ಟರ್ ನಿಂತಿರೋ ಹಾಗಾಗುತ್ತೆ" ಎಂದು ಡ್ರೈವರ್ ತಿರುಗಿಯೇ ನೋಡಿದ.

ಮೊದಲು ಸಣ್ಣ ಸಣ್ಣ ಉಂಗುರಗಳು ಬಂದವು. ಅವನು ಒಂದೊಂದನ್ನೂ ನೋಡಿ ಬೇಡವೆಂದು ತಲೆಯಾಡಿಸಿದ. ಕೊನೆಗೆ ಹುಡುಗಿ ಒಳಗಿನಿಂದ ತಂದದ್ದು ಇದು: ಬಿಳಿ ಚಿನ್ನದ ಉಂಗುರ, ಅದರ ಮೇಲೆ ಆರು ಸಣ್ಣ ಕೊಕ್ಕೆಗಳು ಎತ್ತಿ ಹಿಡಿದ ಬಟಾಣಿ ಗಾತ್ರದ ವಜ್ರ. ದೀಪದ ಕೆಳಗೆ ಇಟ್ಟ ಕೂಡಲೇ ಅಂಗಡಿಯ ಬೆಳಕೆಲ್ಲ ಅದರೊಳಗೆ ಹೋಗಿ ಕೂತಂತಾಯಿತು. ಹುಡುಗಿ ಬೆಲೆಯನ್ನು ಒಂದು ಸಣ್ಣ ಹಾಳೆಯಲ್ಲಿ ಬರೆದು ತಳ್ಳಿದಳು.

"ಇಷ್ಟೊಂದಾ!" ಎಂದಳು ಸಣ್ಣಕ್ಕ.

"ಇದೆ ನನ್ನ ಹತ್ರ" ಎಂದ ಡ್ರೈವರ್. "ವ್ಯಾನ್ ತಗೋಬೇಕು ಅಂತ ಕೂಡಿಸಿದ್ದು. ವ್ಯಾನ್ ಏನು, ಆಮೇಲೆ ತಗೊಂಡ್ರಾಯ್ತು. ಇಷ್ಟು ವರ್ಷ ಬಸ್ಸೇ ಓಡಿಸಿಲ್ವಾ?"

"ಸ್ವಂತ ವ್ಯಾನು, ಸ್ವಂತ ವ್ಯಾನು ಅಂತ ತಲೆ ತಿಂದಿದ್ರಲ್ಲ!"

"ನೋಡಿ ಸಣ್ಣಕ್ಕ, ಅವರಿಗೆ ಇದುವರೆಗೂ ಯಾರೂ ಏನೂ ಕೊಟ್ಟಿಲ್ಲ. ಎಲ್ಲಾ ಅವರೇ ಬೇರೆಯವ್ರಿಗೆ ಕೊಟ್ಟಿರೋದು. ಮೊದಲನೇ ಸಲ ಕೊಡೋನು ಚಿಕ್ಕದು ಕೊಡಬಾರದು."

ಅವನ ಮುಖದಲ್ಲಿ ನಾಟಕವಿರಲಿಲ್ಲ. ಅದೇ ಕಷ್ಟವಾದದ್ದು. ಅವನು ತಪ್ಪು ಮಾಡುತ್ತಿದ್ದಾನೆಂದು ಸಣ್ಣಕ್ಕನಿಗೆ ಆ ಕ್ಷಣವೇ ತಿಳಿಯಿತು.

ಯಾಕೆಂದರೆ ಇಂಥದ್ದು ಹಿಂದೆ ಒಮ್ಮೆ ಆಗಿತ್ತು. ಮೈದಾ ಹಿಟ್ಟಿನ ಸಗಟು ವ್ಯಾಪಾರಿಯೊಬ್ಬ ದೊಡ್ಡಕ್ಕನನ್ನು ಮದುವೆಯಾಗಲು ಮನಸ್ಸು ಮಾಡಿ, ರೇಷ್ಮೆ ಬಟ್ಟೆ ಹೊದಿಸಿದ ದೊಡ್ಡ ಡಬ್ಬದಲ್ಲಿ ಒಂದು ಮುತ್ತಿನ ಸರ ಕಳಿಸಿದ್ದ. ದೊಡ್ಡಕ್ಕ ಡಬ್ಬವನ್ನು ಅತ್ತಿತ್ತ ತಿರುಗಿಸಿ ನೋಡಿದಳು. "ಡಬ್ಬಕ್ಕೇ ಇಷ್ಟು ಸುರಿಯೋನು ಹಿಟ್ಟಿಗೆ ಏನೇನು ಬೆರೆಸ್ತಾನೋ" ಎಂದು ಹಾಗೆಯೇ ವಾಪಸು ಕಳಿಸಿದಳು, ಬರಿಗೈಯಲ್ಲಿ ಕಳಿಸಬಾರದೆಂದು ಮೇಲೊಂದು ಬ್ರೆಡ್ಡು ಇಟ್ಟಳು. ಹಿಟ್ಟು ಕೊಳ್ಳುವ ಅಂಗಡಿಯನ್ನೂ ಆ ವಾರವೇ ಬದಲಾಯಿಸಿದಳು. ಐವತ್ತನೇ ಹುಟ್ಟುಹಬ್ಬಕ್ಕೆ ಸಣ್ಣಕ್ಕ ಕೊಟ್ಟ ಕೈಗಡಿಯಾರವೂ ಉಳಿಯಲಿಲ್ಲ. ರಸೀದಿ ಕೇಳಿ ಪಡೆದು, ಅಂಗಡಿಗೆ ಹೋಗಿ, ದುಡ್ಡು ವಾಪಸು ತಂದು, ಎರಡು ಜರಡಿ ಕೊಂಡಳು.

ಅಂದಮೇಲೆ ಹದಿನೈದು ಸಾವಿರ ಬ್ರೆಡ್ಡಿನ ಉಂಗುರ ಎದುರು ಬಂದರೆ ಏನಾಗುತ್ತದೆ? ವ್ಯಾನಿನ ದುಡ್ಡನ್ನು ಬೆರಳಿಗೆ ಹಾಕುವ ಗಂಡಸಿಗೆ ತಲೆ ಸರಿಯಿಲ್ಲವೆಂದು ಅಕ್ಕ ತೀರ್ಮಾನ ಮಾಡುತ್ತಾಳೆ. ಉಂಗುರವೂ ವಾಪಸು, ಡ್ರೈವರನೂ ವಾಪಸು. ಪಾಪ, ಅವನು ಬನ್ನು ಕೊಳ್ಳಲು ಬೇರೆ ಬೇಕರಿ ಹುಡುಕಿಕೊಳ್ಳಬೇಕು. ಮೇಲಿನ ಕೋಣೆಯಲ್ಲಿ ಎರಡು ಮಂಚ ಎರಡೇ ಆಗಿ ಉಳಿಯುತ್ತವೆ.

ಅದಕ್ಕೆ ಸಣ್ಣಕ್ಕ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

"ಹೇಗಿದೆ ಅಂದ್ರೆ ಏನೂ ಹೇಳ್ತಿಲ್ವಲ್ಲ?" ಡ್ರೈವರ್ ಮತ್ತೆ ಕೇಳಿದ.

"ನಿಮಗೆ ಇಷ್ಟ ಆದ್ರೆ ಸರಿ" ಎಂದಳು ಸಣ್ಣಕ್ಕ. ಹೇಳಿ ಲೋಟದ ನೀರೆಲ್ಲ ಕುಡಿದಳು.

ಅವನ ಮುಖ ಇಷ್ಟಗಲವಾಯಿತು. "ಇದೇ ಕೊಡಿ" ಎಂದ.

"ಬೆರಳಿನ ಅಳತೆ ಬೇಕಾಗುತ್ತೆ" ಎಂದಳು ಹುಡುಗಿ.

"ತಂದಿದೀವಿ" ಎಂದು ಸಣ್ಣಕ್ಕ ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಕಂದು ಬಣ್ಣದ, ಗಟ್ಟಿಯಾದ, ಒಂದು ಹಿಟ್ಟಿನ ಉಂಗುರವಿತ್ತು.

ಹುಡುಗಿ ಅದನ್ನು ಬಗ್ಗಿ ನೋಡಿದಳು. "ಇದು... ಏನು ಮೇಡಮ್?"

"ಅಳತೆ. ಉಪ್ಪು ಹಿಟ್ಟು. ಯೀಸ್ಟ್ ಹಾಕಿಲ್ಲ, ಉಬ್ಬಿರಲ್ಲ."

ಇದನ್ನು ಮಾಡಿದ ರೀತಿಯನ್ನೂ ಹೇಳಬೇಕು. ದಾರ ಸುತ್ತಿ ಅಳತೆ ತೆಗೆದರೆ ಅಕ್ಕನಿಗೆ ಅನುಮಾನ ಬರುತ್ತದೆ. ಹಿಟ್ಟಾದರೆ ಬೇಕರಿಯಲ್ಲಿ ಯಾರಿಗೆ ಅನುಮಾನ? ಮಕ್ಕಳಿಗೆ ಉಂಗುರದ ಬಿಸ್ಕತ್ತು ಮಾಡೋಣ, ಅಚ್ಚಿಗೆ ನಿನ್ನ ಬೆರಳು ಕೊಡು ಎಂದು ಸಣ್ಣಕ್ಕ ಕೇಳಿದ್ದಳು. "ನಿನ್ನ ಕೈಯಲ್ಲೇ ಹತ್ತು ಇದಾವಲ್ಲೇ" ಎಂದು ಗೊಣಗುತ್ತಾ ದೊಡ್ಡಕ್ಕ ಬೆರಳು ಚಾಚಿದ್ದಳು. ಬುಡಕ್ಕೆ ಹಿಟ್ಟು ಸುತ್ತಿದ್ದೇನೋ ಆಯಿತು, ಹೊರಗೆ ಎಳೆಯುವಾಗ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಸಣ್ಣಕ್ಕ ಚಾಕುವಿನಿಂದ ಸೀಳಿ ತೆಗೆದು, ಮತ್ತೆ ಒತ್ತಿ ಸೇರಿಸಿ, ಸಣ್ಣ ಉರಿಯಲ್ಲಿ ಒಣಗಿಸಿದ್ದಳು. ಬೇಕರಿಯವರ ಬುದ್ಧಿ ಉಬ್ಬುವುದರ ಬಗ್ಗೆಯೇ ಯೋಚಿಸುತ್ತದೆ. ಒಣಗಿಸಿದರೆ ಕುಗ್ಗುತ್ತದೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

ಹುಡುಗಿ ನಗದೆ, ಗೌರವದಿಂದಲೇ ಅದನ್ನು ಅಳತೆ ಕೋಲಿಗೆ ಹಾಕಿದಳು. ತುದಿಯಲ್ಲೇ ನಿಂತಿತು.

"ಮಗುವಿಗಾ ಮೇಡಮ್?"

"ಮಗುವಿಗಲ್ಲ. ಐವತ್ತೆರಡು ವರ್ಷದ ನಮ್ಮಕ್ಕನಿಗೆ."

ಹುಡುಗಿ ಇನ್ನು ಸ್ವಲ್ಪ ಕೆಳಗೆ ಒತ್ತಿದಳು. ಹಿಟ್ಟಿನ ಉಂಗುರ ಪಟ್ಟೆಂದು ಮುರಿದು ಎರಡಾಯಿತು. ಒಂದು ತುಂಡು ಹೋಗಿ ವಜ್ರದ ಪಕ್ಕದಲ್ಲೇ ಬಿತ್ತು. ಡ್ರೈವರ್ ಎರಡೂ ಕೈಯನ್ನು ಜೇಬಿನಿಂದ ತೆಗೆದು ತಲೆಯ ಮೇಲಿಟ್ಟುಕೊಂಡ.

"ಯೋಚನೆ ಬೇಡ" ಎಂದಳು ಹುಡುಗಿ, ಚೂರುಗಳನ್ನು ಗುಡಿಸುತ್ತಾ. "ನೀವು ಅವರ ತಂಗಿ ತಾನೇ, ಮೇಡಮ್? ಅಕ್ಕತಂಗಿಯರದ್ದು ಹೆಚ್ಚುಕಮ್ಮಿ ಒಂದೇ ಅಳತೆ ಇರುತ್ತೆ. ನೀವೇ ಹಾಕಿ ನೋಡಿ."

ಉಂಗುರ ಸಣ್ಣಕ್ಕನ ಬೆರಳಿಗೆ ಸರ್ರನೆ ಇಳಿಯಿತು, ಅಲ್ಲೇ ಅಳತೆ ತೆಗೆದು ಮಾಡಿಸಿದಂತೆ. ಅವಳು ಕೈ ಎತ್ತಿ ದೀಪಕ್ಕೆ ಹಿಡಿದಳು. ಚೆನ್ನಾಗಿಯೇ ಕಂಡಿತು. ಕಾಣದೇ ಏನು? ನೀಳವಾದ, ನಯವಾದ ಬೆರಳುಗಳು. ಇಷ್ಟು ವರ್ಷದಲ್ಲಿ ನೋಟು ಎಣಿಸಿದ್ದು, ಬ್ರೆಡ್ಡಿಗೆ ಕಾಗದ ಸುತ್ತಿದ್ದು ಬಿಟ್ಟರೆ ಬೇರೆ ಕೆಲಸ ಕಂಡವಲ್ಲ. ಸೂಟ್‌ಕೇಸ್ ಹಿಡಿದು ಬಂದ ಮಾರನೇ ದಿನ ಅವಳು ಹಿಟ್ಟಿನ ತೊಟ್ಟಿಗೆ ಕೈ ಹಾಕಲು ಹೋದಾಗ ಅಕ್ಕ ತಡೆದಿದ್ದಳು. "ನೀನು ಗಲ್ಲಾ ನೋಡ್ಕೋ. ಗಿರಾಕಿಗೆ ಕಾಣೋ ಕೈ ಚೆನ್ನಾಗಿರ್ಬೇಕು" ಎಂದಿದ್ದಳು. ಅದು ವ್ಯಾಪಾರದ ಮಾತೆಂದೇ ಸಣ್ಣಕ್ಕ ಇಷ್ಟು ದಿನ ತಿಳಿದಿದ್ದಳು. ಕಲಸುವ ಯಂತ್ರ ಬಂದದ್ದು ತೀರ ಈಚೆಗೆ. ಅದಕ್ಕೂ ಮೊದಲು ಇಡೀ ಬೀದಿಯ ಬ್ರೆಡ್ಡಿನ ಹಿಟ್ಟನ್ನು ನಾದಿದ್ದು ಒಂದು ಜೊತೆ ಕೈ. ಗೆಣ್ಣು ದಪ್ಪಗಾಗಿ ಹಿಟ್ಟಿನ ಉಂಗುರ ಕೂಡ ದಾಟದಂತಾಗಿತ್ತು, ಸಣ್ಣಕ್ಕ ಅದನ್ನು ಚಾಕುವಿನಿಂದ ಸೀಳುವಾಗ ಯಾಕೆ ಹೀಗಾಯಿತೆಂದು ಕೂಡ ಯೋಚಿಸಿರಲಿಲ್ಲ. ತನ್ನ ಉಪಾಯ ಕೆಟ್ಟಿತಲ್ಲ ಎಂದು ಸಿಟ್ಟು ಮಾಡಿಕೊಂಡಿದ್ದಳು, ಅಷ್ಟೇ.

"ಸರಿಯಾಗಿದೆ! ಇದೇ ಅಳತೆ ಬರ್ಕೊಳ್ಳಿ" ಎಂದ ಡ್ರೈವರ್.

"ಬರ್ಕೋಬೇಡಿ" ಎಂದಳು ಸಣ್ಣಕ್ಕ. ಚೀಲದಿಂದ ಫೋನ್ ತೆಗೆದಳು.

"ಯಾರಿಗೆ?"

"ಬೆರಳಿಗೆ."

ಡ್ರೈವರ್ ಅರ್ಧ ಎದ್ದು ನಿಂತ. "ಬೇಡ, ಬೇಡ! ಅವರು ಬಂದ್ರೆ ನಾನು ಹೋಗ್ತೀನಿ. ನಾನಿನ್ನೂ ಕೇಳೇ ಇಲ್ಲ!"

"ಕೂತ್ಕೊಳ್ರೀ. ಅಷ್ಟು ದೊಡ್ಡ ಬಸ್ಸನ್ನ ಸಂತೆ ಮಧ್ಯ ತೂರಿಸ್ತೀರ, ನಮ್ಮಕ್ಕನಿಗೆ ಹೆದರ್ತೀರಾ?"

"ಬಸ್ಸಿಗೆ ಬ್ರೇಕ್ ಇದೆ" ಎಂದ ಅವನು, ಕೂತ.

ಫೋನಿನ ಆಚೆ ಯಂತ್ರದ ಗರಗರ ಸದ್ದು. "ಏನೇ? ಪರ್ಸ್ ಕಳ್ಕೊಂಡ್ಯಾ?"

"ಇಲ್ಲಕ್ಕ. ನಿನ್ನ ಬೆರಳು ಬೇಕಿತ್ತು."

"ಮತ್ತೆ ಬಿಸ್ಕತ್ತಾ? ಮಾಡೋಕೆ ಬೇರೆ ಕೆಲಸ ಇಲ್ವೇನೇ ನಿಂಗೆ?"

"ಎರಡು ಬೀದಿ ಆಚೆ, ಆ ವಜ್ರದ ಅಂಗಡಿ ಇದೆಯಲ್ಲ, ಅಲ್ಲಿಗೆ ಬಾ. ಶಟರ್ ಎಳ್ಕೊಂಡು ಬಾ."

"ಹಗಲು ಹೊತ್ತು ಶಟರ್ ಎಳೆದ್ರೆ ಬೀದಿಯೋರು ನಾನು ಸತ್ತೆ ಅಂದ್ಕೋತಾರೆ. ಏನಾಯ್ತು ಹೇಳೇ. ಏನಾದ್ರೂ ಒಡೆದು ಹಾಕಿದ್ಯಾ?"

"ಹೂಂ, ಒಡೀತು" ಎಂದಳು ಸಣ್ಣಕ್ಕ, ಚೂರಾದ ಹಿಟ್ಟನ್ನು ನೋಡುತ್ತಾ. ಅಷ್ಟು ಸಾಕಾಯಿತು.

ದೊಡ್ಡಕ್ಕ ಬರುವವರೆಗೆ ಡ್ರೈವರ್ ಮೂರು ಲೋಟ ನೀರು ಕುಡಿದ. ಬಂದವಳು ಬಾಗಿಲ ಕಾವಲುಗಾರನನ್ನೇ ಮೊದಲು ವಿಚಾರಿಸಿಕೊಂಡಳು: "ನನ್ನ ತಂಗಿ ಒಳಗಿದಾಳೆ, ಏನು ಒಡೆದ್ಲು? ತುಂಬಾ ಬೆಲೆ ಬಾಳೋದಾ?" ಮೊಣಕೈವರೆಗೂ ಹಿಟ್ಟು, ಸೊಂಟದಲ್ಲಿ ಕಟ್ಟಿದ ಬಟ್ಟೆ ಹಾಗೇ ಇತ್ತು. ಜಮಖಾನ ಕಂಡು ಚಪ್ಪಲಿ ಬಿಡಲು ಹೋದಳು. ಹುಡುಗಿ ಓಡಿಬಂದು ಬೇಡವೆಂದಳು.

ಆಗ ಅವಳಿಗೆ ಡ್ರೈವರ್ ಕಂಡ. ಅವನು ಶಾಲೆಯ ಹುಡುಗನ ಹಾಗೆ ಎದ್ದು ನಿಂತಿದ್ದ.

"ನೀವೇನು ಇಲ್ಲಿ? ಬಸ್ ಎಲ್ಲಿ?"

"ರಜೆ."

"ಮೈಗೆ ಹುಷಾರಿಲ್ವಾ?"

"ಹುಷಾರಿದೆ."

"ಮತ್ತೆ ಈ ಅಂಗಿ ಯಾಕೆ ಹೀಗಿದೆ, ಡಬ್ಬದಿಂದ ಈಗ ಎದ್ದು ಬಂದ ಹಾಗೆ?"

ಅವನು ಅಂಗಿಯ ಮಡಿಕೆ ಸವರಿಕೊಂಡ. ಸಹಾಯಕ್ಕೆಂದು ಸಣ್ಣಕ್ಕನನ್ನು ನೋಡಿದ. ದೊಡ್ಡಕ್ಕನೂ ಅವನ ನೋಟದ ಹಿಂದೆಯೇ ತಂಗಿಯನ್ನು ನೋಡಿದಳು. ತಂಗಿಯ ಬೆರಳಲ್ಲಿ ಆ ಉಂಗುರ ಇನ್ನೂ ಹಾಗೆಯೇ ಹೊಳೆಯುತ್ತಿತ್ತು. ಗಾಬರಿಯಲ್ಲಿ ತೆಗೆಯುವುದನ್ನೇ ಮರೆತಿದ್ದಳು.

ದೊಡ್ಡಕ್ಕ ನಿಂತಲ್ಲೇ ನಿಂತಳು. ಅವಳ ಮುಖ ಒಂದು ಕ್ಷಣ ಖಾಲಿಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಕಲಸಿಟ್ಟ ಹಿಟ್ಟು ಉಬ್ಬದೆ ತೊಟ್ಟಿಯ ತಳದಲ್ಲೇ ಕೂತಿರುವಾಗ ಬರುವಂಥ ಮುಖ. ಆ ಒಂದು ಕ್ಷಣದಲ್ಲಿ ಸಣ್ಣಕ್ಕನಿಗೆ ಎಲ್ಲ ಗೊತ್ತಾಗಿಹೋಯಿತು. ಬನ್ನಿನ ತಟ್ಟೆಯನ್ನು ಹೊರಗೆ ತರಲು ಗಲ್ಲಾದಲ್ಲಿ ತಾನಿದ್ದರೂ ಏಳನೇ ನಂಬರ್ ಬಂದ ಹೊತ್ತಿಗೆ ಅಕ್ಕನೇ ಯಾಕೆ ತರುತ್ತಿದ್ದಳೆಂದು ಗೊತ್ತಾಯಿತು.

ಅಷ್ಟರಲ್ಲಿ ದೊಡ್ಡಕ್ಕ ನಕ್ಕಳು. ಹಿಟ್ಟಿನ ಕೈಯಲ್ಲೇ ಬಂದು ತಂಗಿಯ ಗಲ್ಲ ಹಿಡಿದಳು. "ನಂಗೆ ಮೊದಲೇ ಹೇಳೋದಲ್ವೇನೇ? ನಾನೇನು ಬೇಡ ಅಂತಿದ್ನಾ? ಒಳ್ಳೆಯವ್ರು. ನಿಂಗೆ ಒಳ್ಳೇದಾಗ್ಲಿ." ಡ್ರೈವರನ ಕಡೆ ತಿರುಗಿ, "ಇವಳಿಗೆ ಒಬ್ಬಳೇ ಮಲಗೋಕೆ ಹೆದರಿಕೆ. ರಾತ್ರಿ ಪಾಳಿ ಇದ್ರೆ ಬಿಟ್ಬಿಡಿ" ಎಂದಳು. ದನಿ ಸ್ವಲ್ಪವೂ ನಡುಗಲಿಲ್ಲ.

"ಅಕ್ಕಾ, ನನಗಲ್ಲ!"

"ಮತ್ತೆ?"

"ನಿಮಗೆ!" ಎಂದು ಡ್ರೈವರ್ ಕೂಗಿಯೇ ಬಿಟ್ಟ, ಬಸ್ಸಿನ ಹಿಂಬಾಗಿಲಿಗೆ ಕೇಳಿಸುವಂತೆ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೆಲ್ಲ ತಿರುಗಿ ನೋಡಿದರು. "ಅದು ನಿಮಗೆ. ನಾನು... ಬಿಸ್ಕತ್ತೂ ನಿಮ್ಮದೇ. ಅಂದ್ರೆ, ಅಳತೆ. ನೀವು ಒಪ್ಪಿದ್ರೆ."

ದೊಡ್ಡಕ್ಕನ ಕೈ ತಂಗಿಯ ಗಲ್ಲದ ಮೇಲೆಯೇ ಉಳಿಯಿತು. ಸಣ್ಣಕ್ಕ ಉಂಗುರ ಕಳಚಿ, ಅಕ್ಕನ ಕೈ ಹಿಡಿದು, ಸೆರಗಿನಿಂದ ಹಿಟ್ಟು ಒರೆಸಿ, ಬೆರಳಿಗೆ ಹಾಕಲು ನೋಡಿದಳು. ಉಂಗುರ ಗೆಣ್ಣಿನ ಹತ್ತಿರ ನಿಂತಿತು. ಒತ್ತಿದರೂ ಹೋಗಲಿಲ್ಲ.

ನಿಂತ ಉಂಗುರ ನೋಡಿ ದೊಡ್ಡಕ್ಕನಿಗೆ ಮಾತು ಬಂತು. "ಎಷ್ಟು ಇದು?"

ಸಣ್ಣಕ್ಕ ಡ್ರೈವರನ ಮುಖ ನೋಡಲಿಲ್ಲ. "ಹದಿನೈದು ಸಾವಿರ ಬ್ರೆಡ್ಡು."

"ಅಯ್ಯೋ!" ದೊಡ್ಡಕ್ಕ ಕೈ ಝಾಡಿಸಿದಳು, ಉಂಗುರ ಮಖಮಲ್ಲಿನ ಮೇಲೆ ಬಿತ್ತು. "ವ್ಯಾನಿನ ದುಡ್ಡಾ?"

"ಹೌದು" ಎಂದ ಡ್ರೈವರ್, ಸಿಕ್ಕಿಬಿದ್ದ ಕಳ್ಳನಂತೆ.

"ಇದನ್ನ ಹಾಕ್ಕೊಂಡು ತೊಟ್ಟಿ ತೊಳೆಯೋದು ಹೇಗೆ ನಾನು? ಈ ಕೊಕ್ಕೆ ಸಂದೀಲಿ ಹಿಟ್ಟು ಕೂತ್ರೆ ಸೂಜಿ ತಗೊಂಡು ಕೆರೀತಾ ಕೂರ್ಲಾ? ಇದರ ಮೇಲೆ ಹತ್ತಿ ಕೂತ್ರೆ ಊರೂರು ಸುತ್ತಿಸುತ್ತಾ? ನೀವು ಅಷ್ಟು ಆಸೆಪಟ್ಟ ವ್ಯಾನು!"

ಡ್ರೈವರ್ ತಲೆ ತಗ್ಗಿಸಿದ. ಮುಗಿಯಿತು, ಮುತ್ತಿನ ಸರದ ದಾರಿಯನ್ನೇ ಇದೂ ಹಿಡಿಯಿತು ಎಂದುಕೊಂಡಳು ಸಣ್ಣಕ್ಕ. ಸುಮ್ಮನಿದ್ದರೆ ಕೆಡುತ್ತದೆ ಎಂದು ಸ್ವಲ್ಪ ಹೊತ್ತಿನ ಮೊದಲು ಲೆಕ್ಕ ಹಾಕಿದವಳು, ಈಗ ಕೆಡದಿರಲಿ ಎಂದು ಉಸಿರು ಹಿಡಿದು ನಿಂತಿದ್ದಳು.

ದೊಡ್ಡಕ್ಕ ಕುರ್ಚಿ ಎಳೆದುಕೊಂಡು ಕೂತಳು. ಹುಡುಗಿಯ ಕಡೆ ತಿರುಗಿದಳು. "ಹರಳು ಒಳಗೆ ಹುದುಗಿ ಕೂತಿರೋದು ಇದೆಯೇನಮ್ಮ? ಮೇಲೆ ಎದ್ದಿರಬಾರದು. ಕೈ ಆಡಿಸಿದ್ರೆ ತಗಲಬಾರದು. ಸಣ್ಣದೇ ಇರ್ಲಿ."

ಹುಡುಗಿ ಇನ್ನೊಂದು ತಟ್ಟೆ ತಂದಳು. ಡ್ರೈವರ್ ಇನ್ನೂ ತಲೆ ತಗ್ಗಿಸಿಕೊಂಡೇ ಇದ್ದ. "ಬೇಡ ಬಿಡಿ. ನನ್ನದೇ ತಪ್ಪು. ನಿಮ್ಮನ್ನ ಕರೆಸಿ ತೊಂದ್ರೆ ಕೊಟ್ಟೆ" ಎಂದು ಮೆಲ್ಲಗೆ ಹೇಳಿದ.

ಸಣ್ಣಕ್ಕ ಅವನ ತೋಳಿಗೆ ಚಿವುಟಿದಳು. "ಒಪ್ಪಿದಾಳೆ ಕಣ್ರೀ! ಬೇಡದ ಉಂಗುರಕ್ಕೆ ಯಾರಾದ್ರೂ ಕೂತ್ಕೊಂಡು ಹರಳು ಆರಿಸ್ತಾರಾ?"

ಅವನು ತಲೆ ಎತ್ತಿ ದೊಡ್ಡಕ್ಕನನ್ನು ನೋಡಿದ. ಅವಳು ತಟ್ಟೆಯಿಂದ ಕಣ್ಣೆತ್ತದೆ, "ನಿಲ್ಲಬೇಡಿ, ಕೂತ್ಕೊಳ್ಳಿ. ಈ ಅಂಗಡೀಲಿ ಕುರ್ಚಿಗೆ ದುಡ್ಡಿಲ್ಲ ಅನ್ಸುತ್ತೆ" ಎಂದಳು. ಅವಳ ಕಿವಿಯೂ ಕೆಂಪಾಗಿತ್ತು, ಹಿಟ್ಟು ಹತ್ತಿದ್ದ ಜಾಗವೊಂದು ಬಿಟ್ಟು.

ಆರಿಸಿದ್ದು ಅಗಲವಾದ ಚಿನ್ನದ ಉಂಗುರ. ಅದರ ಮೈಯೊಳಗೆ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ವಜ್ರ, ಸವರಿದರೆ ಬೆರಳಿಗೆ ಸಿಗದಷ್ಟು ಸಮವಾಗಿ ಕೂತಿತ್ತು. ಹುಡುಗಿ ಅಳತೆಯ ಉಂಗುರಗಳ ಗೊಂಚಲು ತಂದು ಒಂದೊಂದಾಗಿ ಹಾಕಿ ನೋಡಿದಳು. ಗೆಣ್ಣು ದಾಟುವಂಥದ್ದು ಬುಡದಲ್ಲಿ ಗಿರಗಿರ ತಿರುಗುತ್ತಿತ್ತು, ಬುಡಕ್ಕೆ ಸರಿಯಾದದ್ದು ಗೆಣ್ಣು ದಾಟುತ್ತಿರಲಿಲ್ಲ.

"ಕೆಟ್ಟ ಕೈ, ಅಲ್ವಾ?" ಎಂದಳು ದೊಡ್ಡಕ್ಕ.

"ಇಲ್ಲ ಮೇಡಮ್, ನಮ್ಮಮ್ಮಂದೂ ಹೀಗೇ" ಎಂದಳು ಹುಡುಗಿ. "ದೊಡ್ಡ ಅಳತೆಯದ್ದೇ ಮಾಡಿ, ಒಳಗಡೆ ಎರಡು ಚಿನ್ನದ ಗುಂಡು ಬೆಸೀತೀವಿ. ದಾಟೋವಾಗ ದಾಟುತ್ತೆ, ಆಮೇಲೆ ತಿರುಗಲ್ಲ." ಹೇಳುತ್ತಾ ಅವಳು ಕೈಗವಸು ಕಳಚಿ, ಬರಿಗೈಯಲ್ಲೇ ದೊಡ್ಡಕ್ಕನ ಬೆರಳು ಹಿಡಿದು ಇನ್ನೊಮ್ಮೆ ಅಳೆದಳು.

ಬೆಲೆ ಎರಡು ಸಾವಿರ ಬ್ರೆಡ್ಡಿಗಿಂತ ಸ್ವಲ್ಪ ಕಡಿಮೆ. "ಡಬ್ಬ ಬೇಡ ಅಂದ್ರೆ ಎಷ್ಟು ಕಮ್ಮಿ ಮಾಡ್ತೀರ?" ಎಂದು ದೊಡ್ಡಕ್ಕ ಕೇಳಿದಳು. ಹಾಗೆ ಕಮ್ಮಿ ಮಾಡುವ ಪದ್ಧತಿ ಇಲ್ಲವೆಂದು ಹುಡುಗಿ ಹೇಳಿದಳು. "ಹಾಗಾದ್ರೆ ಡಬ್ಬ ದೊಡ್ಡದು ಕೊಡಮ್ಮ, ಲವಂಗ ಹಾಕಿಡೋಕೆ ಆಗುತ್ತೆ" ಎಂದಳು ದೊಡ್ಡಕ್ಕ. ಡ್ರೈವರ್ ಮೊದಲ ಸಲ ಜೋರಾಗಿ ನಕ್ಕ. ಅವನು ನಗುವುದನ್ನು ಸಣ್ಣಕ್ಕ ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಅವನು ದುಡ್ಡು ಕಟ್ಟಲು ಹೋದಾಗ ದೊಡ್ಡಕ್ಕ ತಂಗಿಯ ಕಡೆ ಬಾಗಿದಳು. "ನೀನು?"

"ನಾನೇನು?"

"ಡಿಪೋ ಹಿಂದಿನ ಮನೆ ಅಂತೆ. ರಾತ್ರಿ ಹೊತ್ತು ನೀನು..."

"ನಾನು ರೇಡಿಯೋ ಹಾಕ್ಕೊಂಡು ಮಲಗ್ತೀನಿ. ಅದಕ್ಕೆ ನಿನ್ನಷ್ಟು ಗೊರಕೆ ಇಲ್ಲ."

"ಸುಳ್ಳಿ" ಎಂದಳು ದೊಡ್ಡಕ್ಕ.

"ಹೂಂ" ಎಂದಳು ಸಣ್ಣಕ್ಕ. "ಅಭ್ಯಾಸ ಆಗುತ್ತೆ. ನೀನೀಗ ಕೂತ್ಕೊಂಡು ನನ್ನ ಬಗ್ಗೆ ಯೋಚ್ನೆ ಮಾಡಿ, ಆ ಮನುಷ್ಯ ವಾಪಸ್ ಬರೋ ಅಷ್ಟರಲ್ಲಿ ಬೇಡ ಅಂದ್ಬಿಡಬೇಡ. ಅವನಿಗೆ ಇನ್ನೊಂದು ಲೋಟ ನೀರು ಕುಡಿಯೋ ಶಕ್ತಿ ಇಲ್ಲ."

ದೊಡ್ಡಕ್ಕ ಮೇಜಿನ ಕೆಳಗೆ ತಂಗಿಯ ಕೈಯನ್ನು ಹಿಡಿದುಕೊಂಡಳು, ಅವನು ರಸೀದಿ ಹಿಡಿದು ಬರುವವರೆಗೂ ಬಿಡಲಿಲ್ಲ.

ಮದುವೆಯಾಯಿತು. ದೊಡ್ಡಕ್ಕ ಡಿಪೋದ ಹಿಂದಿನ ಮನೆಗೆ ಹೋದಳು. ಈಗ ಬೆಳಗಿನ ಮೊದಲ ಬಸ್ಸಿನಲ್ಲಿ ಬೇಕರಿಗೆ ಬರುತ್ತಾಳೆ, ಸಂಜೆಯ ಬಸ್ಸಿನಲ್ಲಿ ವಾಪಸು ಹೋಗುತ್ತಾಳೆ. ಮೊದಲ ಬಸ್ಸಿಗಿಂತ ಮುಂಚಿನ ಕೆಲಸವೆಲ್ಲ ಸಣ್ಣಕ್ಕನ ಪಾಲಿಗೆ ಬಂತು. ಮೊದಮೊದಲು ಅವಳ ಕೈಯ ಬ್ರೆಡ್ಡು ಇಟ್ಟಿಗೆಯಂತೆ ಆಗುತ್ತಿತ್ತು, ಗಿರಾಕಿಗಳು ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದರು. ಈಗ ಪರವಾಗಿಲ್ಲ. ರಾತ್ರಿ ಮೇಲಿನ ಕೋಣೆಯಲ್ಲಿ ಅವಳೊಬ್ಬಳೇ. ಅದು ಕಷ್ಟವೇ, ಕಷ್ಟವಲ್ಲವೇ ಎಂದು ಅವಳು ಯಾರ ಹತ್ತಿರವೂ ಹೇಳಿಲ್ಲ. ಅವಳಿಗೆ ಸಿಕ್ಕಿದ್ದು ಭಾನುವಾರದ ಊಟಕ್ಕೆ ಕರೆಯುವ ಒಬ್ಬ ಭಾವ, ಮತ್ತು ಕೆಲಸದ ನಡುವೆ ಕಾರಣವಿಲ್ಲದೆ ನಗುವ ಅಕ್ಕ. ಹೋದದ್ದು ರಾತ್ರಿಗೆ ಇದ್ದ ಜೊತೆ.